ಕಡಿಮೆ ಖರ್ಚಿನಾಗ ವಾಕಿಟಾಕಿ, ಹ್ಯಾಮ್ ರೇಡಿಯೋ, ಆಂಟೆನಾ: ಎಲ್ಲಿಂದ ಶುರು ಮಾಡೋದು? (ರಾಯಚೂರು, ಬಳ್ಳಾರಿ, ಕೊಪ್ಪಳದವರು ಬರ್ರಿ)

ಸೀಮಿ_ಹುಡುಗ (ಸಿಂಧನೂರು)

ಎಲ್ಲರಿಗೂ ನಮಸ್ಕಾರ್ರಿ. ಮನಿ ಊರಾಗ, ಹೊಲ 4 ಕಿ.ಮೀ. ದೂರ ಕಾಲುವಿ ಕೆಳಗ ಅದ. ಅಲ್ಲಿ ಮೊಬೈಲ್ ಸಿಗ್ನಲ್ ಇದ್ದರ ಅದ, ಇಲ್ಲಂದ್ರ ಇಲ್ಲ. ಎರಡು ವಾಕಿಟಾಕಿ ತಗೊಂಡು ಮನಿ–ಹೊಲ ಮಾತಾಡ್ಬೇಕು ಅಂತ. ಆನ್‌ಲೈನ್‌ನಾಗ "5 ವ್ಯಾಟ್, 10 ಕಿ.ಮೀ. ರೇಂಜ್" ಅಂತ ಬರದಿರ್ತಾರ. ತಗೋಬಹುದಾ? ಸಾಲದಿದ್ದರ ಮಾಳಗಿ ಮ್ಯಾಲೆ ಪೈಪ್ ನಿಲ್ಲಿಸಿ ಆಂಟೆನಾ ಹಾಕಿದ್ರ ನಡೀತದಾ? ಇದರ ಜೊತಿಗೆ ಹ್ಯಾಮ್ ರೇಡಿಯೋ ಕಲೀಬೇಕು ಅನ್ನೋ ಆಸೆನೂ ಅದ. ತಿಳದವರು ಮೊದಲಿಂದ ಹೇಳ್ರಿ.

ಕೋಟೆಗುಡ್ಡ (ಬಳ್ಳಾರಿ)

ತಮ್ಮಾ, ನೀನು ಕೇಳಿರೋದು ಎರಡು ಬೇರೆ ಬೇರೆ ವಿಷಯ. ಮೊದಲು ಅವೆರಡನ್ನೂ ಬಿಡಿಸಿಕೋ, ಇಲ್ಲದಿದ್ದರೆ ದುಡ್ಡೂ ಹೋಗುತ್ತೆ, ಕೇಸೂ ಆಗಬಹುದು.

ಒಂದನೇದು ಲೈಸೆನ್ಸ್ ಬೇಡದ ವಾಕಿಟಾಕಿ. ನಮ್ಮ ದೇಶದಲ್ಲಿ 446.0 ರಿಂದ 446.2 ಮೆಗಾಹರ್ಟ್ಜ್ ತನಕದ ಸಣ್ಣ ಪಟ್ಟಿಯನ್ನು ಕಡಿಮೆ ಪವರ್‌ನ ಸೆಟ್‌ಗಳಿಗೆ ಅಂತ 2018ರ ನಿಯಮದಲ್ಲಿ ಲೈಸೆನ್ಸ್‌ನಿಂದ ಬಿಟ್ಟಿದ್ದಾರೆ. ಇದರ ಪವರ್ ಅರ್ಧ ವ್ಯಾಟ್. ಆಂಟೆನಾ ಸೆಟ್‌ಗೇ ಅಂಟಿರಬೇಕು, ಬಿಚ್ಚಿ ಬೇರೆ ಹಾಕುವಂತಿರಬಾರದು. ಸೆಟ್‌ಗೆ ಇಟಿಎ ಅನ್ನೋ ಮಾದರಿ ಅನುಮೋದನೆಯೂ ಇರಬೇಕು. ಮನೆ–ಹೊಲದ ಮಾತಿಗೆ ನಿನಗೆ ಇರೋ ದಾರಿ ಇದೇ.

ಎರಡನೇದು ಹ್ಯಾಮ್, ಅಂದರೆ ಅಮೆಚೂರ್ ರೇಡಿಯೋ. ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡವರಿಗೆ ಮಾತ್ರ. ಅಲ್ಲಿ 144–146 ಮತ್ತು 434–438 ಮೆಗಾಹರ್ಟ್ಜ್ ಸಿಗುತ್ತೆ, ಮಾಳಿಗೆ ಮೇಲೆ ಆಂಟೆನಾನೂ ಹಾಕಬಹುದು. ಆದರೆ ವ್ಯವಹಾರದ ಮಾತು ಆಗಲ್ಲ. "ಭತ್ತ ಏನು ರೇಟು, ಲಾರಿ ಕಳಿಸು" ಅನ್ನೋದಕ್ಕೆ ಹ್ಯಾಮ್ ಬ್ಯಾಂಡ್ ಇಲ್ಲ. ಹೊಲದಲ್ಲಿ ಸೆಟ್ ಹಿಡಿಯೋರಿಗೂ ಲೈಸೆನ್ಸ್ ಇರಬೇಕು, ನಿನ್ನೊಬ್ಬನದು ಸಾಲದು.

ನೀನು ನೋಡಿರೋ 5 ವ್ಯಾಟಿನ ಸೆಟ್ ಬಹುತೇಕ ಬಾವೋಫೆಂಗ್ ಯುವಿ-5ಆರ್ ಜಾತಿದು. ಅದು 136–174 ಮತ್ತು 400–520 ಎರಡರಲ್ಲೂ ಪ್ರಸಾರ ಮಾಡುತ್ತೆ. ಪೊಲೀಸು, ರೈಲ್ವೆಯಂಥವರೂ ಇದೇ ಹರವಿನಲ್ಲಿ ಕೆಲಸ ಮಾಡ್ತಾರೆ. ಲೈಸೆನ್ಸ್ ಇಲ್ಲದೆ ಅದನ್ನ ಇಟ್ಟುಕೊಳ್ಳೋದೇ ತಪ್ಪು, ಪಿಟಿಟಿ (ಮಾತಾಡೋವಾಗ ಒತ್ತೋ ಗುಂಡಿ) ಒತ್ತೋದು ಆಮೇಲಿನ ಮಾತು. "ಆನ್‌ಲೈನ್‌ನಲ್ಲಿ ಮಾರ್ತಾರಲ್ಲ, ಅಂದ್ಮೇಲೆ ಸರಿ ಇರ್ಬೇಕು" ಅಂತ ನಂಬಬೇಡ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಇದೇ ಕಾರಣಕ್ಕೆ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟು, ಆಮೇಲೆ ವಾಕಿಟಾಕಿ ಮಾರಾಟಕ್ಕೇ ಅಂತ ಮಾರ್ಗಸೂಚಿ ಹೊರಡಿಸಿತು. ಕೊಳ್ಳೋ ಪುಟದಲ್ಲಿ ಫ್ರೀಕ್ವೆನ್ಸಿ ಎಷ್ಟು, ಇಟಿಎ ಇದೆಯಾ ಅನ್ನೋದು ಬರೆದಿರದಿದ್ದರೆ ಮುಂದಿನ ಪುಟಕ್ಕೆ ಹೋಗು.

ದೋಆಬ್_ಡೆಸಿಬೆಲ್ (ರಾಯಚೂರು)

ಕೋಟೆಗುಡ್ಡ ಅಣ್ಣಾರು ಕಾನೂನು ಹೇಳ್ಯಾರ, ನಾನು ಲೆಕ್ಕ ಹೇಳ್ತೀನಿ.

ರೇಡಿಯೋದ ದಿಗಂತ ಕಿ.ಮೀ. ಲೆಕ್ಕದಾಗ = 4.12 × (ಮೊದಲನೇ ಆಂಟೆನಾ ಎತ್ತರದ ವರ್ಗಮೂಲ + ಎರಡನೇದರ ವರ್ಗಮೂಲ). ಎತ್ತರ ಮೀಟರಿನಾಗ ಹಾಕ್ಬೇಕು. ಇಬ್ಬರೂ ನೆಲದ ಮ್ಯಾಲೆ ನಿಂತು ಸೆಟ್ ಬಾಯಿ ಹತ್ರ ಹಿಡದ್ರ ಎತ್ತರ 1.5 ಮೀ. ಅದರ ವರ್ಗಮೂಲ 1.22. ಎರಡು ಕಡೀದೂ ಕೂಡಿಸಿ ಗುಣಿಸಿದ್ರ ಸರಿಯಾಗಿ 10 ಕಿ.ಮೀ. ಬರ್ತದ. ಡಬ್ಬಿ ಮ್ಯಾಲಿನ ಆ 10 ಹುಟ್ಟೋದು ಹಿಂಗ. ಆದ್ರ ಇದು ನಡುವ ಒಂದು ಕರಿಜಾಲಿ ಗಿಡನೂ ಇಲ್ಲದ ಬೋಳು ಗೋಳದ ಲೆಕ್ಕ.

ದಿಗಂತ ಕಾಣಿಸಿದ್ರ ಸಾಲಲ್ಲ, ಅಲಿ ಹೋಗೋ ದಾರಿಗೆ ಅಗಲನೂ ಬೇಕು. 446 ಮೆಗಾಹರ್ಟ್ಜ್‌ನಾಗ 4 ಕಿ.ಮೀ. ದಾರಿ ಇದ್ದರ, ನಟ್ಟನಡುವ ಆ ಅಗಲದ, ಅಂದ್ರ ಫ್ರೆನೆಲ್ ವಲಯದ, ತ್ರಿಜ್ಯ ಸುಮಾರು 26 ಮೀಟರ್. ನಿಮ್ಮ ಸೆಟ್ ಇರೋದು ನೆಲದಿಂದ ಒಂದೂವರಿ ಮೀಟರ್ ಮ್ಯಾಲ. ಅರ್ಧಕ್ಕರ್ಧ ಅಲಿ ನೆಲಕ್ಕ, ಬೆಳಿಗೆ, ಮನಿ ಗ್ವಾಡಿಗೆ ತಾಕಿ ಹೋಗ್ತದ. ಹಂಗಾಗಿ ಅರ್ಧ ವ್ಯಾಟಿನ ಸೆಟ್‌ನಿಂದ ಬಯಲಾಗ 1–2 ಕಿ.ಮೀ., ಊರ ಓಣ್ಯಾಗ ಅದಕ್ಕೂ ಕಡಿಮಿ ಅಂತ ಹಿಡೀರಿ.

ಹಂಗಂತ 4 ಕಿ.ಮೀ. ಆಗದ ಮಾತಲ್ಲ. ಮನ್ಯಾಗಿನವರು ಮಾಳಗಿ ಹತ್ತಿ ಮಾತಾಡ್ಲಿ, ಹೊಲದಾಗಿನವರು ಕಾಲುವಿ ಏರಿ ಮ್ಯಾಲ ನಿಂದರ್ಲಿ. ಮಾಳಗಿ 7 ಮೀ. ಇದ್ದರ ದಿಗಂತ 10 ರಿಂದ 16ಕ್ಕ ಏರ್ತದ, ಅದಕ್ಕಿಂತ ಹೆಚ್ಚಾಗಿ ಊರಿನ ಗ್ವಾಡಿಗಳು ದಾರಿಯಿಂದ ಸರೀತಾವ. ಹೊತ್ತು ಗೊತ್ತು ಮಾಡಿಕೊಂಡು, ಬೆಳಿಗ್ಗೆ 8ಕ್ಕ, ಸಂಜಿ 5ಕ್ಕ ಅಂತ ಮಾತಾಡಿದ್ರ ಬ್ಯಾಟರಿನೂ ಉಳೀತದ.

ಸೀಮಿ_ಹುಡುಗ (ಸಿಂಧನೂರು)

ಹಂಗಾದ್ರ 446ರ ಸೆಟ್ ಬಿಚ್ಚಿ ಒಳಗ ಕೇಬಲ್ ಬೆಸುಗಿ ಹಾಕಿ ಮಾಳಗಿ ಮ್ಯಾಲಿನ ಆಂಟೆನಾಕ್ಕ ಕೊಟ್ರ?

ಕೋಟೆಗುಡ್ಡ (ಬಳ್ಳಾರಿ)

ಬಿಚ್ಚಿದ ಕ್ಷಣಕ್ಕೆ ಅದು ಲೈಸೆನ್ಸ್ ಬೇಡದ ಸೆಟ್ ಆಗಿ ಉಳಿಯಲ್ಲ. ಆಂಟೆನಾ ಬದಲಾದರೆ ಅನುಮೋದನೆಯೂ ಹೋಯ್ತು. ಆ ಆಸೆ ಇದ್ದರೆ ಹ್ಯಾಮ್ ಪರೀಕ್ಷೆ ಬರಿ. ವ್ಯವಹಾರಕ್ಕೇ ಬೇಕು, ದೊಡ್ಡ ತೋಟ, ಕ್ರಷರ್, ಗಣಿ ಅಂತಿದ್ದರೆ ದೂರಸಂಪರ್ಕ ಇಲಾಖೆಯಿಂದ ಸ್ವಂತ ಬಳಕೆಯ ವಿಎಚ್‌ಎಫ್ (30–300 ಮೆಗಾಹರ್ಟ್ಜ್) ಅಥವಾ ಯುಎಚ್‌ಎಫ್ (300–3000 ಮೆಗಾಹರ್ಟ್ಜ್) ಲೈಸೆನ್ಸ್ ತಗೊಳ್ಳೋ ದಾರಿಯೇ ಬೇರೆ.

ಮಾನ್ವಿ_ಅಕ್ಕೋರು

ಪರೀಕ್ಷೆ ವಿಷಯ ಸ್ವಲ್ಪ ಬಿಡಿಸಿ ಹೇಳಿ. ಹೈಸ್ಕೂಲ್ ಮಕ್ಕಳು ಬರೆಯಬಹುದಾ? ಮೋರ್ಸ್ (ಚುಕ್ಕಿ–ಗೆರೆ ಸಂಕೇತ) ಕಲಿಯಲೇಬೇಕಾ?

ಕೋಟೆಗುಡ್ಡ (ಬಳ್ಳಾರಿ)

ಬರೆಯಬಹುದು ಅಕ್ಕೋರೆ. 12 ವರ್ಷ ತುಂಬಿದ್ದರೆ ಸಾಕು. ಎರಡು ದರ್ಜೆ ಇವೆ: ರಿಸ್ಟ್ರಿಕ್ಟೆಡ್ ಮತ್ತು ಜನರಲ್. ರಿಸ್ಟ್ರಿಕ್ಟೆಡ್‌ಗೆ ಮೋರ್ಸ್ ಬೇಡ. ಕರೆಸಂಕೇತ ವಿಯು3 ಅಂತ ಶುರುವಾಗುತ್ತೆ. ಜನರಲ್‌ಗೆ ವಿಯು2. ಮೊದಲ ಸಲಕ್ಕೆ ರಿಸ್ಟ್ರಿಕ್ಟೆಡ್ ಧಾರಾಳ ಸಾಕು. ಕೈಯಲ್ಲಿ ಹಿಡಿಯೋ 5 ವ್ಯಾಟಿನ ಸೆಟ್ ಅದರ ಮಿತಿಯೊಳಗೇ ಬರುತ್ತೆ.

ಪತ್ರಿಕೆಯಲ್ಲಿ ಎರಡು ಭಾಗ. ಒಂದು ರೇಡಿಯೋ ತತ್ವ: ಓಮ್ ನಿಯಮ, ಕೆಪಾಸಿಟರ್, ಕಾಯಿಲ್, ಅನುರಣನ, ಎಎಂ, ಎಫ್ಎಂ, ಆಂಟೆನಾ, ಅಯಾನುಗೋಳ. ಪಿಯುಸಿ ವಿಜ್ಞಾನ ಓದಿದವರಿಗೆ ಅರ್ಧ ಗೊತ್ತಿರೋದೇ. ಇನ್ನೊಂದು ನಿಯಮಾವಳಿ: ಕ್ಯೂ ಸಂಕೇತಗಳು, ಧ್ವನಿ ಅಕ್ಷರಮಾಲೆ, ಲಾಗ್ ಬರೆಯೋ ರೀತಿ, ಅಪಾಯದ ಕರೆ. ಮಂದಿ ಬೀಳೋದು ಈ ಎರಡನೇದರಲ್ಲಿ, ಏನು ಮಹಾ ಅಂತ ಬಿಟ್ಟು ಹೋಗಿರ್ತಾರೆ. ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನವರು ತರಬೇತಿ ಕೊಡ್ತಾರೆ.

ಲೈಸೆನ್ಸ್ ಕೈಗೆ ಬರೋ ತನಕ ಮಕ್ಕಳಿಗೆ ಬೇಸರ ಆಗಬಾರದು ಅಂದರೆ ಇಂಟರ್ನೆಟ್‌ನ ವೆಬ್‌ಎಸ್‌ಡಿಆರ್ ತೋರಿಸಿ. ಬೇರೆಯವರು ಎಲ್ಲೋ ಇಟ್ಟಿರೋ ರಿಸೀವರನ್ನು ಬ್ರೌಸರ್‌ನಿಂದ ತಿರುಗಿಸಿ ಕೇಳೋದು. ಸಲಕರಣೆ ಕೊಳ್ಳೋದೇ ಇಲ್ಲ, ಮಾತಿನ ಪದ್ಧತಿ ಮಾತ್ರ ಕಿವಿಗೆ ಬೀಳುತ್ತೆ.

ಗಂಗಾವತಿ_ತಂತಿ

ಆಂಟೆನಾ ವಿಷಯ ಬರಲಿ ಅಂತ ಕಾಯಕತ್ತಿದ್ದೆ. ಲೈಸೆನ್ಸ್ ಬಂದವರು ಮೊದಲು ಕಟ್ಟಬೇಕಾದ್ದು ಕಾಲು ತರಂಗದ ಗ್ರೌಂಡ್ ಪ್ಲೇನ್. ಇದಕ್ಕಿಂತ ಅಗ್ಗ, ಇದಕ್ಕಿಂತ ತಪ್ಪು ಮಾಡೋದು ಕಷ್ಟ ಆದ ಆಂಟೆನಾ ಮತ್ತೊಂದಿಲ್ಲ.

ಬೇಕಾದ ಸಾಮಾನು: ನಾಲ್ಕು ತೂತಿನ ಎಸ್‌ಒ-239 ಚಾಸಿ ಸಾಕೆಟ್ 1. ಎರಡರಿಂದ ಎರಡೂವರೆ ಮಿ.ಮೀ. ದಪ್ಪದ ಗಟ್ಟಿ ತಾಮ್ರದ ತಂತಿ ಅಥವಾ ಗ್ಯಾಸ್ ವೆಲ್ಡಿಂಗ್‌ನವರ ಹಿತ್ತಾಳೆ ಸರಳು, ಒಟ್ಟು 3 ಮೀ. 3 ಮಿ.ಮೀ. ಸ್ಕ್ರೂ, ನಟ್, ಉಂಗುರದ ಲಗ್ ತಲಾ 4. ಮನೆ ವೈರಿಂಗ್‌ನ ಎಳೆ ಎಳೆ ತಂತಿ ಬ್ಯಾಡ್ರಿ, ಗಾಳಿಗೆ ಬಾಗ್ತೈತಿ. ಸ್ಟೀಲ್ ಸರಳೂ ಬ್ಯಾಡ, ಮಾಮೂಲಿ ಸೋಲ್ಡರ್ ಅದಕ್ಕ ಹಿಡಿಯೂದಿಲ್ಲ.

ಅಳತೆ 145 ಮೆಗಾಹರ್ಟ್ಜ್‌ಗೆ: ನಡುವಿನ ನೆಟ್ಟಗಿನ ಸರಳು 49 ಸೆಂ.ಮೀ., ಸಾಕೆಟ್‌ನ ಮೇಲಂಚಿನಿಂದ ತುದಿ ತನಕ. ಸಾಕೆಟ್‌ನ ನಾಲ್ಕು ತೂತಿಗೆ ಬಿಗಿಯೋ ಕೆಳಗಿನ ನಾಲ್ಕು ಸರಳು (ಆಂಟೆನಾದ ಕಾಲುಗಳು) ತಲಾ 52. ಇದೆಲ್ಲಿಂದ ಬಂತು ಅಂದ್ರ, 7500 ಅನ್ನು 145ರಿಂದ ಭಾಗಿಸಿದ್ರ 51.7 ಸೆಂ.ಮೀ. ಕಾಲು ತರಂಗ. ಲೋಹದ ಸರಳಿನಾಗ ತುದಿ ಪರಿಣಾಮದಿಂದ ಸುಮಾರು 5 ಶೇಕಡಾ ಕಡಿಮೆ ಆದಾಗ ಅನುರಣನ, ಅದು 49. ಆದರ ಮೊದಲೇ 49ಕ್ಕ ಕಡೀಬ್ಯಾಡ್ರಿ. 51ಕ್ಕ ಕಡಿದು, ಎಲ್ಲಾ ಜೋಡಿಸಿ, ಅಳೆದು, ಆಮೇಲೆ 3 ಮಿ.ಮೀ.ನಂಗ ಕತ್ತರಿಸ್ರಿ. 1 ಸೆಂ.ಮೀ. ಹೋದ್ರ ಫ್ರೀಕ್ವೆನ್ಸಿ ಸುಮಾರು 3 ಮೆಗಾಹರ್ಟ್ಜ್ ಮೇಲಕ್ಕ ಜಿಗೀತೈತಿ. ನಮ್ಮ ಬ್ಯಾಂಡೇ ಇಡೀ 2 ಮೆಗಾಹರ್ಟ್ಜ್. ಅವಸರ ಮಾಡಿದ್ರ ಒಂದೇ ಕಟ್‌ಗೆ ಬ್ಯಾಂಡ್ ದಾಟಿ ಹೋಗ್ತೀರಿ.

ನಾಲ್ಕು ಕಾಲನ್ನೂ 45 ಡಿಗ್ರಿ ಕೆಳಗ ಬಗ್ಗಿಸ್ಬೇಕು. ಚಂದಕ್ಕಲ್ಲ. ಕಾಲು ಮಟ್ಟಸ ಇದ್ದರ ಆಂಟೆನಾದ ಪ್ರತಿರೋಧ 36 ಓಮ್ ಹತ್ರ, ಬಗ್ಗಿಸಿದಂಗೆಲ್ಲ ಏರಿ 45 ಡಿಗ್ರಿಗೆ 50ರ ಆಸುಪಾಸು ಬರ್ತೈತಿ. ಕೇಬಲ್ಲೂ 50. ಮಟ್ಟಸ ಬಿಟ್ರೂ ಎಸ್‌ಡಬ್ಲ್ಯುಆರ್ (ಪವರ್ ಎಷ್ಟು ತಿರುಗಿ ಬರ್ತೈತಿ ಅನ್ನೋ ಅಳತೆ, 1 ಅಂದ್ರ ಪೂರ್ತಿ ಸರಿ) 1.4, ಸತ್ತು ಹೋಗೂದಿಲ್ಲ, ಆದರ ಪುಕ್ಕಟೆ ಸಿಗೋದನ್ನ ಯಾಕ ಬಿಡ್ಬೇಕು?

ಬೆಸುಗಿ ಹಾಕೋ ಮುಂಚೆ ಸಾಕೆಟ್‌ನ ನಡುವಿನ ಪಿನ್ನನ್ನ ಅರದಿಂದ ಸ್ವಲ್ಪ ಉಜ್ಜಿಕೊಳ್ರಿ, ಸರಳಿನ ತುದೀನೂ ಉಜ್ಜಿ ಮೊದಲೇ ಸೋಲ್ಡರ್ ಹಚ್ಚಿರ್ರಿ. 25 ವ್ಯಾಟಿನ ಐರನ್ ಈ ದಪ್ಪ ತಾಮ್ರ ಕಾಯಿಸೂದಿಲ್ಲ. 60 ವ್ಯಾಟಿಗೆ ಕಡಿಮೆ ಬ್ಯಾಡ. ತಣ್ಣಗಿನ ಬೆಸುಗಿ ಮೊದಮೊದಲು ಚೆನ್ನಾಗೇ ಇರ್ತೈತಿ, ಗಾಳಿಗೆ ಅಲ್ಲಾಡಿ ಅಲ್ಲಾಡಿ ಬಿರುಕು ಬಿಟ್ಟ ಮೇಲೆ ಒಂದು ದಿನ ಕೇಳ್ತೈತಿ, ಒಂದು ದಿನ ಇಲ್ಲ. ಹುಡುಕಿದ್ರ ಸಿಗದ ದೋಷ ಅದು.

ಮುಗಿದ ಮೇಲೆ ಮಲ್ಟಿಮೀಟರ್ ಹಿಡೀರಿ: ನಡುವಿನ ಪಿನ್ನಿಗೂ ಹೊರಗಿನ ಲೋಹಕ್ಕೂ ಸಂಪರ್ಕ ಇರಬಾರದು. ಜೆ-ಪೋಲ್ ಅನ್ನೋ ಬೇರೆ ನಮೂನಿ ಆಂಟೆನಾ ಕಟ್ಟಿದವರು ಇದೇ ಪರೀಕ್ಷೆ ಮಾಡಿ ಗಾಬರಿ ಬೀಳಬ್ಯಾಡ್ರಿ, ಅದರಾಗ ಡಿಸಿ ಶಾರ್ಟ್ ತೋರಿಸೋದು ಸಹಜ.

ಎರೆಹೊಲ (ಕುಷ್ಟಗಿ)

ಇದೇ ಆಂಟೆನಾ 435ಕ್ಕೂ ನಡೀತೈತಿ ಅಂತಾರಲ್ಲ?

ಗಂಗಾವತಿ_ತಂತಿ

145ರ ಮೂರರಷ್ಟು 435. ಹಂಗಾಗಿ ಕಾಲು ತರಂಗದ ಸರಳು ಅಲ್ಲಿ ಮುಕ್ಕಾಲು ತರಂಗ ಆಗಿ ಎಸ್‌ಡಬ್ಲ್ಯುಆರ್ ಚಂದ ತೋರಿಸ್ತೈತಿ. ಆದರ ಅಲೆ ದಿಗಂತದ ಕಡೆ ಹೋಗೂದರ ಬದಲು ಮೇಲಕ್ಕ ಓರೆಯಾಗಿ ಹೋಗ್ತೈತಿ. ಉಪಗ್ರಹಕ್ಕ ಪರವಾಗಿಲ್ಲ, ಪಕ್ಕದ ಊರಿಗೆ ಲುಕ್ಸಾನು. 435ಕ್ಕ ಬೇರೆನೇ ಕಟ್ರಿ: ನಡುವ 16.4 ಸೆಂ.ಮೀ., ಕಾಲು 17.5. ಒಂದು ಗೇಣಿನ ಕೆಲಸ.

ದೋಆಬ್_ಡೆಸಿಬೆಲ್ (ರಾಯಚೂರು)

ಈಗ ಕೇಬಲ್. ಆಂಟೆನಾ ಚಂದ ಕಟ್ಟಿ ಕೇಬಲ್‌ನಾಗ ಸುಟ್ಟು ಹಾಕೋರು ಭಾಳ ಮಂದಿ.

ತೆಳ್ಳಗಿನ ಆರ್‌ಜಿ-58 ಕೇಬಲ್ 145ರಾಗ 100 ಮೀಟರಿಗೆ ಸುಮಾರು 20 ಡಿಬಿ (ಡೆಸಿಬೆಲ್, 3 ಡಿಬಿ ಹೋದ್ರ ಅರ್ಧ ಪವರ್ ಹೋದಂಗ) ತಿಂತದ, 435ರಾಗ 37ರ ಹತ್ರ. ದಪ್ಪ ಆರ್‌ಜಿ-213 ಅವೆರಡರಾಗ 9 ಮತ್ತು 16–17. ಎಲ್‌ಎಂಆರ್-400 ಸುಮಾರು 5 ಮತ್ತು 9. ಮಾಳಗಿಯಿಂದ ಕೋಣಿಗೆ 15 ಮೀ. ಇಳಿಸಿದ್ರ, ಸೆಟ್ಟಿನ 5 ವ್ಯಾಟಿನಾಗ ಆಂಟೆನಾಕ್ಕ ಮುಟ್ಟೋದು ಹಿಂಗ:

ಆರ್‌ಜಿ-58: 145ರಾಗ 2.5 ವ್ಯಾಟ್, 435ರಾಗ 1.4.
ಆರ್‌ಜಿ-213: 3.7 ಮತ್ತು 2.8.
ಎಲ್‌ಎಂಆರ್-400: 4.2 ಮತ್ತು 3.7.

ಕೇಳೋ ಮುಂದನೂ ಅಷ್ಟೇ ನಷ್ಟ ಅನ್ನೋದು ಮರೀಬ್ಯಾಡ್ರಿ. 145 ಒಂದೇ ಸಾಕು, ಉದ್ದ 10 ಮೀ. ಒಳಗ ಅದ ಅಂದ್ರ ಆರ್‌ಜಿ-58 ನಡೀತದ. 435 ಬೇಕಂದ್ರ ದಪ್ಪ ಕೇಬಲ್ಲೇ ಬೇಕು.

ಕೇಬಲ್ ಟಿವಿಯವರ ಆರ್‌ಜಿ-6 ಹಾಕಬಹುದಾ ಅಂತ ಖಂಡಿತ ಯಾರರ ಕೇಳ್ತೀರಿ. ಅದು 75 ಓಮ್. 50ರ ಸೆಟ್ಟಿಗೆ ಹಾಕಿದ್ರ ಎಸ್‌ಡಬ್ಲ್ಯುಆರ್ 1.5, ಅಂದ್ರ 4 ಶೇಕಡಾ ಪವರ್ ತಿರುಗಿ ಬರ್ತದ. ಸಣ್ಣ ಪವರಿಗೆ ಅದರಿಂದ ಏನೂ ಆಗಲ್ಲ, ನಷ್ಟನೂ ಆರ್‌ಜಿ-58ಕ್ಕಿಂತ ಕಡಿಮಿ. ತೊಂದರಿ ಬ್ಯಾರೆ: ಅದರ ಹೊರಜಾಲರಿ ಅಲ್ಯೂಮಿನಿಯಂ, ಸೋಲ್ಡರ್ ಹಿಡಿಯಂಗಿಲ್ಲ. ಎಫ್ ಕನೆಕ್ಟರ್ ಒತ್ತಿ ಹಾಕಿಸಿ, ಅಲ್ಲಿಂದ ಅಡಾಪ್ಟರ್ ಹಾಕ್ಬೇಕು.

ಪಿಎಲ್-259 ಪ್ಲಗ್ಗಿಗೆ ಆರ್‌ಜಿ-58 ಹಾಕೋ ಮುಂದ ನಡುವ ಯುಜಿ-175 ಅನ್ನೋ ರಿಡ್ಯೂಸರ್ ಬೇಕು, ಇಲ್ಲಂದ್ರ ಕೇಬಲ್ ಒಳಗ ಸಡಿಲ ಆಡ್ತದ. ಜಾಲರಿಯ ಒಂದೇ ಒಂದು ಎಳಿ ನಡುವಿನ ಪಿನ್ನಿಗೆ ತಾಗಿದ್ರೂ ಶಾರ್ಟ್. ಹಾಕಿದ ಮ್ಯಾಲೆ ಪ್ಲಗ್ ಅಲ್ಲಾಡಿಸಿಕೋತ ಮೀಟರ್ ನೋಡ್ರಿ.

ಕೋಟೆಗುಡ್ಡ (ಬಳ್ಳಾರಿ)

ಒಂದು ಸೇರಿಸ್ತೀನಿ. ಕೈ ಸೆಟ್ಟಿನ ಸಣ್ಣ ಎಸ್‌ಎಂಎ ಕಂಡಿಗೆ ದಪ್ಪ ಕೇಬಲ್ಲನ್ನು ಅಡಾಪ್ಟರ್ ಮೂಲಕ ನೇರ ತೂಗು ಹಾಕಬೇಡಿ. ತೂಕಕ್ಕೆ ಒಳಗಿನ ಬೆಸುಗೆ ಕಿತ್ತು ಬರುತ್ತೆ. ನಡುವೆ 30 ಸೆಂ.ಮೀ. ಆರ್‌ಜಿ-316 ತುಂಡು ಹಾಕಿ. ಯುವಿ-5ಆರ್‌ನಲ್ಲಿ ಸೆಟ್ಟಿನ ಕಡೆ ಇರೋದು ಎಸ್‌ಎಂಎ ಗಂಡು, ಹಾಗಾಗಿ ಆಂಟೆನಾ ಅಥವಾ ತುಂಡು ಎಸ್‌ಎಂಎ ಹೆಣ್ಣು ಇರಬೇಕು. ಬೇರೆ ಕಂಪನಿ ಸೆಟ್‌ಗಳಲ್ಲಿ ಉಲ್ಟಾ ಇರೋದುಂಟು. ಆರ್ಡರ್ ಹಾಕೋ ಮೊದಲು ಸೆಟ್ ನೋಡಿಕೊಳ್ಳಿ.

ಎರೆಹೊಲ (ಕುಷ್ಟಗಿ)

ಇಷ್ಟೆಲ್ಲ ತಂತಿ, ಪೈಪು, ಕೇಬಲ್ ಯಾಕ್ರಿ? 5 ವ್ಯಾಟಿನ ಬದಲು 10 ವ್ಯಾಟಿನ ಸೆಟ್ ತಗೊಂಡ್ರ ಮುಗೀತಲ್ಲ?

ದೋಆಬ್_ಡೆಸಿಬೆಲ್ (ರಾಯಚೂರು)

5 ರಿಂದ 10 ಆದ್ರ 3 ಡಿಬಿ. ಎದುರಿನವರ ಮೀಟರಿನ ಒಂದು ಎಸ್ ಗೆರಿ ಅಂದ್ರ 6 ಡಿಬಿ. ಅಂದ್ರ ದುಡ್ಡು ಎರಡರಷ್ಟು ಹಾಕಿ ಅರ್ಧ ಗೆರಿ ಗಳಿಸ್ದಂಗ. ಬ್ಯಾಟರಿ ಮಾತ್ರ ಅರ್ಧ ಹೊತ್ತಿಗೇ ಖಾಲಿ. ಅದೇ 5 ವ್ಯಾಟ್ ಇಟ್ಟು ಆಂಟೆನಾ ಒಂದೂವರಿ ಮೀಟರಿನಿಂದ 12 ಮೀಟರಿಗೆ ಏರಿಸ್ರಿ: ದಿಗಂತ 10 ರಿಂದ 19 ಕಿ.ಮೀ. ಆಗ್ತದ, ಎದುರಿನವರೂ ಅಷ್ಟೇ ಏರಿಸಿದ್ರ 28. ಸಿಂಧನೂರು, ಸಿರುಗುಪ್ಪ, ಮಾನ್ವಿ ಈ ಬಯಲು ಸೀಮ್ಯಾಗ ಎತ್ತರಕ್ಕ ಇರೋ ಬೆಲಿ ವ್ಯಾಟಿಗಿಲ್ಲ. ಇನ್ನೊಂದು, ಈ ಅಗ್ಗದ ಸೆಟ್‌ಗಳ ಡಬ್ಬಿ ಮ್ಯಾಲಿನ 10 ವ್ಯಾಟ್ ಮೀಟರಿಗೆ ಹಚ್ಚಿದ್ರ 10 ಬರೋದು ಅಪರೂಪ.

ಖರ್ಚೇ ಬ್ಯಾಡ ಅನ್ನೋರಿಗೆ: 49 ಸೆಂ.ಮೀ. ವೈರ್ ತಗೊಂಡು ಒಂದು ತುದಿ ಸುಲಿದು, ಸೆಟ್ಟಿನ ಆಂಟೆನಾ ಬುಡದ ಹೊರಗಿನ ಲೋಹಕ್ಕ ತಾಗುವಂಗ ಸಿಕ್ಕಿಸಿ ಕೆಳಗ ಜೋಲು ಬಿಡ್ರಿ. ಕೈ ಸೆಟ್ಟಿನಾಗ ಆಂಟೆನಾದ ಇನ್ನೊಂದು ಅರ್ಧ ನಿಮ್ಮ ಕೈ, ಮೈ. ಅದರ ಜಾಗಕ್ಕ ಸರಿಯಾದ ಕಾಲು ತರಂಗ ಕೊಟ್ಟಂಗ ಆಗ್ತದ. 145ರಾಗ ವ್ಯತ್ಯಾಸ ಕಿವಿಗೇ ಗೊತ್ತಾಗ್ತದ.

ಮಾನ್ವಿ_ಅಕ್ಕೋರು

ಸೆಟ್ ಬಂದಮೇಲೆ ಅದರ ಮೆನು ನೋಡಿದರೇ ತಲೆ ತಿರುಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಲೈಸೆನ್ಸ್ ಆದವರಿಗೆ ಮೊದಲ ದಿನ ಏನು ಮಾಡಬೇಕು ಅಂತ ಸರಳವಾಗಿ ಬರೆಯಿರಿ.

ಕೋಟೆಗುಡ್ಡ (ಬಳ್ಳಾರಿ)

ಯುವಿ-5ಆರ್ ಲೆಕ್ಕದಲ್ಲಿ ಹೇಳ್ತೀನಿ ಅಕ್ಕೋರೆ, ಅದರ ತಮ್ಮಂದಿರಲ್ಲೂ ಬಹುತೇಕ ಇದೇ.

ಆಂಟೆನಾ ಹಾಕದೆ ಪಿಟಿಟಿ ಒತ್ತಬಾರದು, ಕೊನೆಯ ಟ್ರಾನ್ಸಿಸ್ಟರ್ ಸುಡಬಹುದು. ಆಮೇಲೆ ಮೆನು 7, ಟಿಡಿಆರ್, ಆಫ್ ಮಾಡಿ. ಅದು ಎರಡು ಚಾನಲ್ ಒಟ್ಟಿಗೆ ಕಾಯುತ್ತೆ. ಕೆಳಗಿನದರಲ್ಲಿ ಯಾರೋ ಮಾತಾಡಿದಾಗ ನೀವು ಉತ್ತರ ಕೊಟ್ಟರೆ ಅದು ಬೇರೆ ಚಾನಲ್‌ನಲ್ಲಿ ಹೋಗಿರುತ್ತೆ. ಮೆನು 4, ವಾಕ್ಸ್, ಅದೂ ಆಫ್. ಇಲ್ಲದಿದ್ದರೆ ಫ್ಯಾನ್ ಸದ್ದಿಗೂ ಪ್ರಸಾರ ಶುರುವಾಗುತ್ತೆ.

ನೇರ ಮಾತಿಗೆ 145.500 ಒತ್ತಿ. ಸೇವ್ ಮಾಡಲು ಮೆನು 27, ಖಾಲಿ ನಂಬರ್ ಆರಿಸಿ ಮೆನು. ರಿಪೀಟರ್ (ನಿಮ್ಮ ದನಿ ಹಿಡಿದು ಮತ್ತೆ ಪ್ರಸಾರ ಮಾಡೋ ಯಂತ್ರ) ಇದ್ದರೆ: ಅದು ಪ್ರಸಾರ ಮಾಡೋ ಫ್ರೀಕ್ವೆನ್ಸಿ ಒತ್ತಿ, ಮೆನು 25ರಲ್ಲಿ ಮೈನಸ್, 26ರಲ್ಲಿ 00.600, ಟೋನ್ (ದನಿ ಜೊತೆ ಹೋಗೋ ಗುರುತಿನ ಸದ್ದು) ಬೇಕಿದ್ದರೆ ಮೆನು 13ರಲ್ಲಿ. ಮೆನು 27ರಲ್ಲಿ ಸೇವ್. ಆಮೇಲೆ ಸ್ಟಾರ್ ಕೀ ಒತ್ತಿ ಉಲ್ಟಾ ಮಾಡಿ, ಅದೇ ನಂಬರಿಗೆ ಇನ್ನೊಮ್ಮೆ ಸೇವ್. ಈ ಎರಡನೇ ಸೇವ್ ಬಿಟ್ಟರೆ ಕೇಳಿಸುತ್ತೆ, ಆದರೆ ನಿಮ್ಮ ದನಿ ರಿಪೀಟರ್‌ಗೆ ಹೋಗಲ್ಲ. ಮೆನು 11 ಆಫ್ ಇರಲಿ. ಅಲ್ಲಿ ಟೋನ್ ಕೂತಿದ್ದರೆ ಆ ಟೋನ್ ಕಳಿಸದವರ ದನಿ ನಿಮಗೆ ಕೇಳಲ್ಲ, ಸೆಟ್ ಕೆಟ್ಟಿದೆ ಅಂದುಕೊಳ್ತೀರಿ.

ಚಾನಲ್ ಜಾಸ್ತಿ ಇದ್ದರೆ ಕಂಪ್ಯೂಟರಿನಲ್ಲಿ ಚಿರ್ಪ್ ಅನ್ನೋ ಉಚಿತ ತಂತ್ರಾಂಶ. ಮೊದಲ ಕೆಲಸ, ಸೆಟ್ಟಿನಿಂದ ಓದಿ ಆ ಫೈಲನ್ನು ಹಾಗೇ ಒಂದು ಕಡೆ ಇಟ್ಟುಕೊಳ್ಳಿ. ಕೆಟ್ಟರೆ ತಿರುಗಿ ತುಂಬಲು. ಕೇಬಲ್ ಕೊಳ್ಳುವಾಗ ಸಿಎಚ್340 ಅಥವಾ ಎಫ್‌ಟಿಡಿಐ ಚಿಪ್ಪಿನದು ನೋಡಿ. ಅಗ್ಗದ ಕೇಬಲ್‌ಗಳಲ್ಲಿ ಪ್ರೊಲಿಫಿಕ್ ಚಿಪ್ಪಿನ ನಕಲು ಇರುತ್ತೆ, ವಿಂಡೋಸ್‌ನ ಹೊಸ ಡ್ರೈವರ್ ಅದನ್ನ ಹಿಡಿದು ಕೆಲಸ ನಿಲ್ಲಿಸುತ್ತೆ. "ಸೆಟ್ ಉತ್ತರ ಕೊಡ್ತಿಲ್ಲ" ಅಂತ ಬಂದರೆ ಮೊದಲು ಎರಡು ಪಿನ್ನಿನ ಪ್ಲಗ್ಗನ್ನ ಟಕ್ ಅನ್ನೋವರೆಗೆ ಒತ್ತಿ. ಅರ್ಧಕ್ಕರ್ಧ ದೂರು ಅಲ್ಲಿಗೇ ಮುಗಿಯುತ್ತೆ.

ಎರೆಹೊಲ (ಕುಷ್ಟಗಿ)

ಸಂಡೂರು ಗುಡ್ಡದಾಗ ಕಬ್ಬಿಣದ ಅದಿರು ಇರೋದಕ್ಕ ರೇಡಿಯೋ ಅಲೆ ಹೀರಿಕೊಳ್ತೈತಿ ಅಂತಾರ. ಖರೇನಾ?

ಗಂಗಾವತಿ_ತಂತಿ

ಅದಿರು ಇರಲಿ ಬರೀ ಮಣ್ಣಿರಲಿ, ಗುಡ್ಡ ಅಡ್ಡ ಬಂದ್ರ ಹಿಂದ ನೆರಳು ಬೀಳ್ತೈತಿ. ದೋಷ ಗುಡ್ಡದ ಎತ್ತರದ್ದು. ಅದೇ ಗುಡ್ಡದ ಮೇಲೆ ನಿಂತ್ರ ಅದೇ ನಿಮ್ಮ ಟವರ್: ಸುತ್ತಲಿನ ಬಯಲಿಗಿಂತ 150 ಮೀ. ಮೇಲೆ ಇದ್ದರ ದಿಗಂತ 55 ಕಿ.ಮೀ. ದಾಟ್ತೈತಿ.

ನಮ್ಮ ಗಂಗಾವತಿ, ಆನೆಗೊಂದಿ ಕಡೆ ತೊಂದರೆ ಬೇರೆ ತರ. ದೊಡ್ಡ ದೊಡ್ಡ ಬಂಡೆ ನಡುವ ಅಲೆ ನಾಲ್ಕು ಕಡೆ ತಾಗಿ ಬರ್ತೈತಿ. ಒಂದು ಕಡೆ ನಿಂತ್ರ ಸ್ಪಷ್ಟ, ಒಂದು ಹೆಜ್ಜಿ ಆಚೆ ಪೂರ್ತಿ ಕೊರಕೊರ. 145ರಾಗ ಅರ್ಧ ಮೀಟರ್ ಅಂದ್ರ ಕಾಲು ತರಂಗ, ಅಷ್ಟು ಸರಿದ್ರ ಸಾಕು. ದನಿ ಸತ್ತಲ್ಲಿ ಕೂಗಾಡೂದು ಬಿಟ್ಟು ಎರಡು ಹೆಜ್ಜಿ ನಡೀರಿ.

ಸೀಮಿ_ಹುಡುಗ (ಸಿಂಧನೂರು)

ಮಾಳಗಿ ಮ್ಯಾಲೆ ಪೈಪ್ ನಿಲ್ಲಿಸೋದು, ಸಿಡಿಲು, ಗಾಳಿ ಇದರ ಬಗ್ಗೆ ಹೇಳ್ರಿ. ಮಳಿಗಾಲಕ್ಕ ಮುಂಚಿನ ಗಾಳಿಗೆ ಇಲ್ಲಿ ತಗಡೇ ಹಾರ್ತಾವ.

ಗಂಗಾವತಿ_ತಂತಿ

ಒಂದೂವರಿ ಇಂಚಿನ ಜಿಐ ಪೈಪ್, 6 ಮೀ. ಪ್ಯಾರಾಪೆಟ್ ಗ್ವಾಡಿಗೆ ಎರಡು ಕಡೆ ಕ್ಲಾಂಪ್, ಒಂದಕ್ಕೊಂದು ಕನಿಷ್ಠ ಮುಕ್ಕಾಲು ಮೀಟರ್ ಅಂತರ. ಮೂರನೇ ಎರಡು ಭಾಗ ಎತ್ತರದಾಗ ಮೂರು ದಿಕ್ಕಿಗೆ, 120 ಡಿಗ್ರಿಗೆ ಒಂದರಂಗ ನೈಲಾನ್ ಹಗ್ಗ. ಬಿಸಿಲಿಗೆ ನೈಲಾನ್ ಪುಡಿ ಆಗ್ತೈತಿ, ಪ್ರತಿ ಬೇಸಿಗೆ ಮುಗಿಯೋ ಮುಂಚೆ ಜಗ್ಗಿ ನೋಡ್ರಿ. ಬಿಳಿ ಕೇಬಲ್ ಟೈ ಹಾಕಬ್ಯಾಡ್ರಿ, ರಾಯಚೂರು ಬಿಸಿಲಿಗೆ ಉದುರಿ ಬೀಳ್ತಾವು. ಕರೀದು ತಡೀತಾವು.

ಕರೆಂಟಿನ ತಂತಿ ಎಲ್ಲಿ ಐತಿ ಮೊದಲು ನೋಡ್ರಿ. ಪೈಪ್ ಯಾವ ಕಡೆ ಬಿದ್ರೂ ತಂತಿಗೆ ತಾಗಬಾರದು. ಪೈಪ್ ಉದ್ದದ ಒಂದೂವರಿ ಪಟ್ಟು ದೂರ ಸಿಗದಿದ್ರ ಆ ಮಾಳಿಗಿ ಬಿಟ್ಟುಬಿಡ್ರಿ. ಇದರಾಗ ಹೊಂದಾಣಿಕೆ ಇಲ್ಲ.

ಕನೆಕ್ಟರಿಗೆ ನೀರು ಹೋಗಬಾರದು. ಮಾಮೂಲಿ ಇನ್ಸುಲೇಷನ್ ಟೇಪ್ ಬಿಸಿಲಿಗೆ ಗೋಂದು ಬಿಡ್ತೈತಿ. ತನಗ ತಾನೇ ಅಂಟೋ ರಬ್ಬರ್ ಟೇಪ್ ಎಳೆದು ಸುತ್ತಿ, ಅದರ ಮೇಲೆ ಇನ್ಸುಲೇಷನ್ ಟೇಪ್ ಕೆಳಗಿನಿಂದ ಮೇಲಕ್ಕ ಸುತ್ರಿ, ಹೆಂಚು ಹೊದಿಸಿದಂಗ. ಎಸ್‌ಒ-239ರ ಮೇಲ್ಮುಖಕ್ಕ ಎಪಾಕ್ಸಿ. ಒಳಗ ಬರೋ ಮುಂಚೆ ಕೇಬಲ್‌ಗೆ ಕೆಳಗ ಒಂದು ಬಳುಕು ಕೊಡ್ರಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗ್ಲಿ.

ಸಿಡಿಲಿಗೆ: ಮೋಡ ಕಟ್ಟಿದ ಕೂಡಲೇ ಪ್ಲಗ್ ಬಿಚ್ಚಿ ಕೇಬಲ್ ತುದಿ ಕಿಟಕಿ ಹೊರಗ ಹಾಕೋದು. ಗ್ಯಾಸ್ ಟ್ಯೂಬಿನ ಅರೆಸ್ಟರ್ (ಸಿಡಿಲಿನ ಹೊಡೆತ ಅರ್ಥಿಗೆ ಇಳಿಸೋದು) ಹಾಕ್ರಿ, ಆದರ ಅದನ್ನ ನಂಬಿ ಪ್ಲಗ್ ಬಿಡಬ್ಯಾಡ್ರಿ. ಪೈಪಿಗೆ ಅರ್ಥ್ ಕೊಡೋರಿಗೆ ಒಂದು ಮಾತು: ನಮ್ಮ ಎರೆ ಮಣ್ಣು ಹಸಿ ಇದ್ದಾಗ ಭಾಳ ಚಲೋ ಅರ್ಥ್, ಬೇಸಿಗೆಗೆ ಬಿರುಕು ಬಿಟ್ಟು ರಾಡಿನಿಂದ ದೂರ ಸರೀತೈತಿ. ಸಿಡಿಲು ಹೆಚ್ಚು ಬರೋದೂ ಆಗಲೇ, ಏಪ್ರಿಲ್–ಮೇದಾಗ. ಆ ಎರಡು ತಿಂಗಳು ರಾಡಿನ ಬುಡಕ್ಕ ನೀರು ಹಾಕ್ತಿರ್ರಿ. ಈ ರಾಡನ್ನ ಮನಿ ಅರ್ಥಿಂಗ್‌ಗೂ ದಪ್ಪ ತಂತಿಯಿಂದ ಕೂಡಿಸಿರಬೇಕು.

ಮಾನ್ವಿ_ಅಕ್ಕೋರು

ಇಲ್ಲಿಂದ ಬೆಂಗಳೂರಿಗೆ ಮಾತಾಡಬೇಕು ಅಂದರೆ?

ಕೋಟೆಗುಡ್ಡ (ಬಳ್ಳಾರಿ)

ಅದಕ್ಕೆ ಎಚ್‌ಎಫ್ (ಶಾರ್ಟ್‌ವೇವ್), 7 ಮೆಗಾಹರ್ಟ್ಜ್. ಹಗಲಲ್ಲಿ ಕರ್ನಾಟಕದೊಳಗೆ ಇದೇ ಸರಿ. ಆಂಟೆನಾ ಅಂದರೆ ಒಟ್ಟು 20 ಮೀ. ತಂತಿ, ನಡುವೆ ಕತ್ತರಿಸಿ ತಲಾ 10 ಮೀ. ನಡುವನ್ನು 9 ಮೀ. ಎತ್ತರಕ್ಕೆ ಏರಿಸಿ, ತುದಿಗಳನ್ನು 3 ಮೀಟರಿಗೆ ಇಳಿಬಿಟ್ಟರೆ ಆಯ್ತು. ಇಷ್ಟು ತಗ್ಗಿದ್ದರೆ ಅಲೆ ನೆಟ್ಟಗೆ ಮೇಲೆ ಹೋಗಿ ಸುತ್ತಲಿನ ನಾನೂರು–ಐನೂರು ಕಿ.ಮೀ.ಗೆ ವಾಪಸ್ ಬೀಳುತ್ತೆ, ನಮಗೆ ಬೇಕಿರೋದೂ ಅದೇ. ಸೆಟ್ಟು ವಿಎಚ್‌ಎಫ್‌ನಷ್ಟು ಅಗ್ಗ ಇಲ್ಲ. ಹೈದರಾಬಾದ್‌ನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್, ಮೈಕ್ರೋಬಿಟ್‌ಎಕ್ಸ್ ಸರ್ಕ್ಯೂಟುಗಳನ್ನು ಜಗತ್ತಿನ ಬೇರೆ ಬೇರೆ ಕಡೆ ಹವ್ಯಾಸಿಗಳು ಕಟ್ಟಿದ್ದಾರೆ. ಸುಮಾರು 10 ವ್ಯಾಟಿನ ಆ ಸೆಟ್ ಕಲಿಯೋಕೂ ಒಳ್ಳೇದು, ಒಳಗೆ ಏನಾಗ್ತಿದೆ ಅಂತ ನೋಡಬಹುದು. ಇದಕ್ಕೆ ಬೇರೆ ಚರ್ಚೆಯೇ ತೆರೆಯೋಣ, ಇಲ್ಲಿ ಬೆರೆಸೋದು ಬೇಡ.

ಎರೆಹೊಲ (ಕುಷ್ಟಗಿ)

ಗ್ರೌಂಡ್ ಪ್ಲೇನ್ ಅಳತೆ ನೋಡಿ ಕಟ್ಟಿದವರ ಪರವಾಗಿ ಕೇಳ್ತೀನಿ (ಲೈಸೆನ್ಸ್ ಇದ್ದವರೇ!). ಮೇಲೆ ಆಂಟೆನಾ ಬುಡಕ್ಕೇ ನ್ಯಾನೋವಿಎನ್‌ಎ (ಆಂಟೆನಾ ಅಳೆಯೋ ಸಣ್ಣ ಮೀಟರ್) ಹಚ್ಚಿದ್ರ ಎಸ್‌ಡಬ್ಲ್ಯುಆರ್ ತಗ್ಗು ಬರೋದು 141ರಾಗ. 145ರಾಗ ಎಸ್‌ಡಬ್ಲ್ಯುಆರ್ 1.6. ಆದರ 15 ಮೀ. ಆರ್‌ಜಿ-58 ಕೆಳಗಿನ ತುದಿಗೆ ಅಳೆದ್ರ 145ರಾಗೂ 1.3 ತೋರಿಸ್ತೈತಿ. ಯಾವುದು ನಂಬೋದು?

ದೋಆಬ್_ಡೆಸಿಬೆಲ್ (ರಾಯಚೂರು)

ಮ್ಯಾಲಿನದು. ಕೇಬಲ್ ಹೋಗೋ ಮುಂದ 3 ಡಿಬಿ, ತಿರುಗಿ ಬರೋ ಮುಂದ 3 ಡಿಬಿ ತಿಂತದ. ತಿರುಗಿ ಬಂದದ್ದು ಕಡಿಮಿ ಕಾಣಿಸೋದಕ್ಕ ಆಂಟೆನಾ ಚಂದ ಅದ ಅಂತ ಮೀಟರ್ ಮೋಸ ಹೋಗ್ತದ. ಅದೇ ಕೇಬಲ್ 435ಕ್ಕ ಹಾಕಿ, ಮ್ಯಾಲೆ ಆಂಟೆನಾನೇ ಬಿಚ್ಚಿಟ್ರೂ ಕೆಳಗ 1.8 ತೋರಿಸ್ತದ. ಕೇಬಲ್ ಉದ್ದ ಇದ್ದಷ್ಟೂ ಕೆಳಗಿನ ರೀಡಿಂಗ್ ಚಂದ.

141ರಿಂದ 145ಕ್ಕ ಬರ್ಬೇಕು ಅಂದ್ರ 4 ಮೆಗಾಹರ್ಟ್ಜ್, ಲೆಕ್ಕದ ಪ್ರಕಾರ 13 ಮಿ.ಮೀ. ಒಮ್ಮೆಲೆ ಅಷ್ಟೂ ತಗೀಬ್ಯಾಡ್ರಿ. ಮೊದಲು 8 ಮಿ.ಮೀ. ಕಡೀರಿ, ಅಳೀರಿ, ಆಮ್ಯಾಲೆ 2–2 ಮಿ.ಮೀ. ಅಳೆಯೋ ಮುಂದ ಆಂಟೆನಾ ನೆಲದಿಂದ, ಗ್ವಾಡಿಯಿಂದ, ನೀರಿನ ಟ್ಯಾಂಕಿನಿಂದ ಕನಿಷ್ಠ 2 ಮೀ. ದೂರ ಇರ್ಲಿ, ಕೈಯಾಗ ಹಿಡಕೊಂಡು ನಿಂದರಬ್ಯಾಡ್ರಿ. ನ್ಯಾನೋವಿಎನ್‌ಎ ಹಚ್ಚೋ ಮೊದಲು 140–150ರ ನಡುವ ಕ್ಯಾಲಿಬ್ರೇಷನ್ ಆಗ್ಯದಾ ನೋಡಿಕೊಳ್ರಿ: ಓಪನ್, ಶಾರ್ಟ್, ಲೋಡ್ ಮೂರೂ, ಅಳೆಯೋಕೆ ಹಾಕೋ ಸಣ್ಣ ತುಂಡು ಕೇಬಲ್‌ನ ತುದ್ಯಾಗ.

ಗಂಗಾವತಿ_ತಂತಿ

ಜಾಸ್ತಿ ಕಡಿದು ಹೋದ್ರ ಸರಳು ಎಸೀಬ್ಯಾಡ್ರಿ. ಮೇಲಿನ ತುದಿಗೆ 2 ಸೆಂ.ಮೀ. ತಂತಿ ಸುತ್ತಿ ಬೆಸುಗಿ ಹಾಕಿ, ಮತ್ತ ಅದನ್ನೇ ಕಡೀತಾ ಬರ್ರಿ. ತುದಿ ಮಡಚಿ ಸಣ್ಣ ಕುಣಿಕಿ ಮಾಡಿ ಬಿಟ್ರ ಇನ್ನೂ ಚಲೋ, ಆಂಟೆನಾ ಹಿಡ್ಕೊಂಡು ಮಾಳಿಗಿ ಹತ್ತೋರ ಕಣ್ಣಿಗೆ ಚುಚ್ಚೂದಿಲ್ಲ. ಕುಣಿಕಿ ಮಾಡೂದಾದ್ರ ಅದನ್ನ ಮೊದಲೇ ಮಾಡಿ ಆಮೇಲೆ ಅಳೀರಿ, ಮಡಚಿದ ಮೇಲೆ ಅಳತೆ ಬದಲಾಗ್ತೈತಿ.